ಹಳಬರೇ, ಸ್ವಲ್ಪ ರಾಕ್ಷಸರಾಗಿ

ಎಲ್ಲರಿಗೂ ನಮಸ್ಕಾರ. ಲಾರ್ಪ್ ಅಂದರೆ ವೇಷ ಹಾಕಿ, ಫೋಮ್ ಆಯುಧ ಹಿಡಿದು, ಒಂದು ಪಾತ್ರವೇ ಆಗಿ ಮೈದಾನದಲ್ಲಿ ಆಡುವ ಆಟ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಅರ್ಧ ಜನರ ಕಾರಿನ ಡಿಕ್ಕಿಯಲ್ಲಿ ಈಗಲೂ ಒಂದು ಫೋಮ್ ಕತ್ತಿ ಬಿದ್ದಿರುತ್ತದೆ. ನನ್ನ ತಕರಾರು ಒಂದೇ. ಬೇಸಿಗೆ ಕ್ಯಾಂಪಿಗೆ ಹೊಸಬರು ಬರುತ್ತಾರೆ, ಮುಂದಿನ ವರ್ಷ ಪತ್ತೆಯೇ ಇರುವುದಿಲ್ಲ. ಕೇಳಿದರೆ ಮಳೆ ಅಂತಾರೆ. ಮಳೆ ಅಲ್ಲ ಸ್ವಾಮಿ! ಮಳೆಗೆ ಹೆದರುವವರು ಇಂಗ್ಲೆಂಡಿನಲ್ಲಿ ಟೆಂಟನ್ನೇ ಕೊಳ್ಳುವುದಿಲ್ಲ.

ಒಬ್ಬ ಹುಡುಗನ ಕಥೆ ಹೇಳ್ತೀನಿ. ಮೊದಲ ಕ್ಯಾಂಪು. ಅಂಗಿ ತಾನೇ ಹೊಲಿದುಕೊಂಡು ಬಂದಿದ್ದ, ಅಂಚಿಗೆ ಕೆಂಪು ಪಟ್ಟಿ ಬೇರೆ. ಶನಿವಾರ ಬೆಳಿಗ್ಗೆ ಮೈದಾನಕ್ಕೆ ಇಳಿದ. ಎದುರಿಗೆ ನಮ್ಮ ಹಳಬರೊಬ್ಬರು. ಹೆಸರು ಬೇಡ, ಮೂರನೇ ಸಾಲಿನಲ್ಲಿ ಕೂತು ನಗ್ತಾ ಇದ್ದಾರೆ. ಗುರಾಣಿಯ ಪಕ್ಕದಿಂದ ಬಂದು ತೊಡೆಗೆ ಒಂದು, ಭುಜಕ್ಕೆ ಒಂದು. ಮುಗಿಯಿತು. ಹುಡುಗ ಹುಲ್ಲಿನ ಮೇಲೆ ಮಲಗಿ ಸಾವಿನ ಎಣಿಕೆ ಎಣಿಸಿದ. ಎಣಿಕೆ ಮುಗಿಯುವುದರೊಳಗೆ ಬದುಕಿಸಲಿಕ್ಕೆ ವೈದ್ಯನ ಪಾತ್ರದವರು ಯಾರೂ ಬರಲಿಲ್ಲ. ಬಿಸಿಲೇರುವ ಮೊದಲೇ ಪಾತ್ರ ಸತ್ತಿತ್ತು. ಮಧ್ಯಾಹ್ನ ನೋಡಿದರೆ, ತನ್ನನ್ನು ಕೊಂದವರಿಗೇ ಟೀ ಮಾಡಿಕೊಡ್ತಾ ಇದ್ದ!

ಸಂಜೆ ಯಾರೋ ಪುಣ್ಯಾತ್ಮರು ಅವನಿಗೆ ಒಂದು ಈಟಿ ಕೊಟ್ಟು, ದಪ್ಪ ಗುರಾಣಿಯವನೊಬ್ಬನ ಹಿಂದೆ ನಿಲ್ಲಿಸಿದರು. ಎದುರಿಗೆ ಟ್ರೋಲ್, ಅಂದರೆ ದೈತ್ಯ ರಾಕ್ಷಸನ ವೇಷ. ಮುಖವಾಡದ ಒಳಗೆ ವರ್ಷಾನುಗಟ್ಟಲೆ ಆಡಿದ ಆಸಾಮಿ. ಹುಡುಗನ ಈಟಿ ಎದೆಗೆ ಮೆಲ್ಲಗೆ ತಾಗಿತು. ಟ್ರೋಲ್ ಅದನ್ನು ಲೆಕ್ಕಕ್ಕೆ ಹಾಕಿಕೊಂಡು ಸುಮ್ನೆ ಮುಂದೆ ನುಗ್ಗಬಹುದಿತ್ತು. ಹಾಗೆ ಮಾಡಲಿಲ್ಲ. ತಲೆ ತಗ್ಗಿಸಿ ಎದೆ ನೋಡಿಕೊಂಡ. ಆಮೇಲೆ ಹುಡುಗನ ಮುಖ ನೋಡಿದ. ಅಬ್ಬಬ್ಬಾ, ಆ ಕೂಗು! ತೂರಾಡುತ್ತಾ ಹಿಂದೆ ಸರಿದವನು ತನ್ನದೇ ಕಡೆಯ ಗಾಬ್ಲಿನ್, ಅಂದರೆ ಪುಟ್ಟ ರಾಕ್ಷಸನ ವೇಷದವನೊಬ್ಬನ ಮೇಲೆ ಬಿದ್ದ. ಗಾಬ್ಲಿನ್ ಬೀಳುವುದು ಪ್ಲಾನಿನಲ್ಲಿ ಇರಲಿಲ್ಲ, ಅದು ಬೋನಸ್. ಇಡೀ ಸಾಲು ಹೋ ಅಂತು. ರಾತ್ರಿ ಬೆಂಕಿಯ ಸುತ್ತ ಅದೇ ಕಥೆ. ಆ ಹುಡುಗ ಈಗಲೂ ಬರ್ತಾನೆ. ರೂಲ್ಸ್ ವಿಷಯಕ್ಕೆ ನನ್ನ ಜೊತೆ ಜಗಳ ಆಡ್ತಾನೆ.

ಇಲ್ಲಿ ಕೆಲವರಿಗೆ ಅಂಕಗಳದ್ದೇ ಚಿಂತೆ. ಹೊಸಬರಿಗೆ ಸಾಯುವ ಮೊದಲು ತಡೆದುಕೊಳ್ಳಲಿಕ್ಕೆ ಎರಡು ಏಟು ಜಾಸ್ತಿ ಕೊಡೋಣ, ಹಳಬರ ಲೆವೆಲ್ ಇಳಿಸೋಣ ಅಂತ. ಮಾಡಿ, ಬೇಡ ಅನ್ನಲ್ಲ. ಇಂಗ್ಲೆಂಡಿನ ದೊಡ್ಡ ಲಾರ್ಪ್ ಎಂಪೈರ್‌ನಲ್ಲಿ ಹೊಸ ಪಾತ್ರಕ್ಕೆ ಕೌಶಲ ಕೊಳ್ಳಲಿಕ್ಕೆ ಮೊದಲ ದಿನವೇ 8 ಅಂಕ ಸಿಗುತ್ತದೆ, ಆಮೇಲೆ ಒಂದೊಂದು ಕೂಟಕ್ಕೆ ಒಂದೊಂದು. ಒಂದೇ ಕೌಶಲವನ್ನು ಮತ್ತೆ ಮತ್ತೆ ಕೊಂಡರೆ ಬೆಲೆ ಏರುತ್ತದೆ. ಜಾಣ ಲೆಕ್ಕ. ಆದರೆ ಮಣಿಕಟ್ಟಿನ ಚಳಕಕ್ಕೆ ಅಂಕ ಇಲ್ಲ, ಅಲ್ವಾ? ಅಮೆರಿಕದ ಫೋಮ್ ಕತ್ತಿ ಕಾಳಗದ ಆಟ ಡಾಗೋರ್ಹಿರ್ ನೋಡಿ. 1977ರಿಂದ ನಡೆಯುತ್ತಿದೆ. ಲೆವೆಲ್ಲೇ ಇಲ್ಲ. ಕವಚ ಇಲ್ಲದ ಎದೆಗೆ ಏಟು ಬಿದ್ದರೆ ಯಾರಾದರೂ ಸತ್ತ ಹಾಗೆ. ಕಾಗದದ ಮೇಲೆ ಎಲ್ಲರೂ ಸಮ. ಆದರೂ ಹತ್ತು ವರ್ಷ ಆಡಿದವನ ಎದುರು ಹೊಸಬ ನಿಲ್ಲುವುದು ಎಷ್ಟು ಹೊತ್ತು? ಎರಡು ಏಟು ಜಾಸ್ತಿ ಕೊಟ್ಟರೆ ಅವನು ಎರಡು ಏಟು ಜಾಸ್ತಿ ತಿನ್ನುತ್ತಾನೆ, ಅಷ್ಟೇ.

ಅದಕ್ಕೇ ನಾನು ಪದೇ ಪದೇ ಕೇಳುವುದು: ಹೊಸಬ ಎಷ್ಟು ಹೊತ್ತು ಆಟದಲ್ಲಿದ್ದ? ಗೆದ್ದನಾ ಸೋತನಾ ಆಮೇಲೆ.

ಎಂಪೈರ್‌ನಲ್ಲಿ ಇನ್ನೊಂದು ಪದ್ಧತಿ ಇದೆ, ನನಗೆ ಅಂಕಕ್ಕಿಂತ ಅದೇ ಇಷ್ಟ. ಅರ್ಧ ಜನ ಶನಿವಾರ ತಮ್ಮ ಪಾತ್ರದಲ್ಲಿ ಕಾದಾಡುತ್ತಾರೆ, ಉಳಿದರ್ಧ ವೈರಿಗಳಾಗುತ್ತಾರೆ. ಭಾನುವಾರ ಅದಲು ಬದಲು. ಎಲ್ಲರೂ ಒಂದು ದಿನ ಸಾಯಲಿಕ್ಕೇ ಮೈದಾನಕ್ಕೆ ಹೋಗಬೇಕು. ನಮ್ಮ ಚಿಕ್ಕ ಕ್ಯಾಂಪುಗಳಲ್ಲಿ ಏನು ಮಾಡ್ತೀವಿ? ಹೊಸಬರಿಗೆ ಗಾಬ್ಲಿನ್ ಮುಖವಾಡ ಕೊಟ್ಟು, ಹಳಬರು ಹೀರೋಗಳಾಗ್ತೀವಿ. ತಲೆಕೆಳಗು! ಯಕ್ಷಗಾನ ಮೇಳದಲ್ಲಿ ರಾಕ್ಷಸನ ಬಣ್ಣದ ವೇಷವನ್ನು ನಿನ್ನೆ ಗೆಜ್ಜೆ ಕಟ್ಟಿದವನಿಗೆ ಕೊಡ್ತಾರಾ? ರಾಕ್ಷಸ ಅಬ್ಬರಿಸಲೂ ಬೇಕು, ಹೊತ್ತಿಗೆ ಸರಿಯಾಗಿ ಸಾಯಲೂ ಬೇಕು. ಅದಕ್ಕೆ ಪಳಗಿದ ಕಲಾವಿದರೇ ಬೇಕು.

ಸೋತುಕೊಡಿ ಅಂತಿಲ್ಲ. ಬೇಕೆಂದೇ ಸೋತರೆ ಹೊಸಬರಿಗೆ ತಕ್ಷಣ ಗೊತ್ತಾಗುತ್ತದೆ, ಅವಮಾನ ಆಗುತ್ತದೆ. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ, ಮಧ್ಯಯುಗದ ಕಾಳಗ ಆಡುವ ಎಸ್‌ಸಿಎ ಕೂಟದವರು ಬೆತ್ತದ ಕತ್ತಿಯಲ್ಲಿ ಜೋರಾಗಿಯೇ ಹೊಡೆಯುತ್ತಾರೆ. ಅಲ್ಲೂ ಎದುರಾಳಿ ಕಾಲು ಕಳೆದುಕೊಂಡು ಮೊಣಕಾಲೂರಿದರೆ, ಕೆಲವು ಹಿರಿಯರು ತಾವೂ ಮೊಣಕಾಲೂರಿ ಕಾದಾಡುತ್ತಾರೆ. ಕೈ ಸಡಿಲ ಬಿಡುವುದಿಲ್ಲ, ಅನುಕೂಲ ಬಿಟ್ಟುಕೊಡುತ್ತಾರೆ.

ಚೀಟಿ ಬಂತು. ಐದು ನಿಮಿಷ ಅಂತೆ. ಟ್ರೋಲ್ ಕಥೆ ಉದ್ದ ಆಯ್ತು, ಬಿಡಿ.

ಬೇಗ ಹೇಳ್ತೀನಿ. ಹೊಸಬರಿಗೆ ಮೊದಲ ದಿನ ಈಟಿ ಕೊಡಿ, ಎರಡನೇ ಸಾಲಿನಲ್ಲಿ ನಿಲ್ಲಿಸಿ. ಆಯುಧ ಉದ್ದ ಇದ್ದರೆ ಚಳಕ ಅಷ್ಟು ಬೇಡ. ಪಕ್ಕದಲ್ಲಿ ಒಬ್ಬ ಹಳಬ ಇರಲಿ, ಬಿದ್ದರೆ ಎಳೆದುಕೊಂಡು ಬರಲಿಕ್ಕೆ. ವೈದ್ಯನ ಪಾತ್ರದವರು ಮೊದಲು ಹೊಸಬರ ಹತ್ತಿರ ಓಡಲಿ, ಗೆಳೆಯರ ಹತ್ತಿರ ಆಮೇಲೆ. ಬಿಲ್ಲು ಬಾಣದ ವಿಷಯ ಇತ್ತು, ಇವತ್ತು ಆಗಲ್ಲ.

ಮುಂದಿನ ಕ್ಯಾಂಪಿನ ರಾಕ್ಷಸರ ಪಟ್ಟಿ ಹೊರಗೆ ಟೀ ಮೇಜಿನ ಮೇಲಿದೆ. ಐದು ವರ್ಷ ದಾಟಿದವರೆಲ್ಲ ಹೆಸರು ಬರೆದೇ ಬಿಸ್ಕತ್ತಿಗೆ ಕೈ ಹಾಕಿ. ಮೂರನೇ ಸಾಲಿನವರ ಹೆಸರು ನಾನೇ ಬರೆದಾಗಿದೆ.