ಹಳೆಯ ಏರ್‌ಸ್ಟ್ರಿಪ್ ಮೇಲೆ ಏನೂ ಇಡಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಊರಾಚೆ ಯಾವುದೋ ಗಣಿಯವರೋ, ಕಾರ್ಖಾನೆಯವರೋ, ಎಸ್ಟೇಟಿನ ಸಾಹುಕಾರರೋ ತಮ್ಮ ಸಣ್ಣ ವಿಮಾನ ಇಳಿಸಲಿಕ್ಕೆ ಅಂತ ಹಿಂದೆಂದೋ ಮಾಡಿಸಿದ ಏರ್‌ಸ್ಟ್ರಿಪ್ ನಿಮ್ಮಲ್ಲಿ ಕೆಲವರ ಊರಿನ ಹತ್ತಿರ ಇರಬಹುದು. ಗಣಿ ಮುಚ್ಚಿತು, ಸಾಹುಕಾರರು ಹೋದರು, ವಿಮಾನ ಬರುವುದು ನಿಂತಿತು. ಈಗ ಅಲ್ಲಿ ಏನಿರುತ್ತದೆ ಹೇಳಿ? ಒಂದು ತುದಿಗೆ ಹುಲ್ಲಿನ ಬಣವೆ, ಇನ್ನೊಂದು ತುದಿಗೆ ಯಾರದೋ ಮನೆ ಕಟ್ಟಲು ತಂದ ಜಲ್ಲಿ, ನಡುವೆ ಹುಡುಗರ ಕ್ರಿಕೆಟ್. ಕ್ರಿಕೆಟ್ ಬಗ್ಗೆ ನನ್ನದೇನೂ ತಕರಾರಿಲ್ಲ. ವಿಮಾನದ ಸದ್ದು ಕೇಳಿದರೆ ಹುಡುಗರು ಓಡುತ್ತಾರೆ. ಜಲ್ಲಿ ಓಡುವುದಿಲ್ಲ.

ಹಾಗಾಗಿ ಇವತ್ತು ನಾನು ಹೇಳುವುದು ಒಂದೇ ಮಾತು. ರನ್‌ವೇ ಮೇಲೆ ಏನೂ ಇಡಬೇಡಿ.

'ವಿಮಾನವೇ ಬರಲ್ಲ, ಇಟ್ಟರೆ ಏನಾಯ್ತು ಸಾರ್?' ಅಂತ ಕೇಳುತ್ತಾರೆ. ಎಲ್ಲ ಕಡೆ ಇದೇ ಪ್ರಶ್ನೆ, ಕೇಳಿ ಕೇಳಿ ಸಾಕಾಗಿದೆ. ಅವರಿಗೆಲ್ಲ ಇಝ್ಮಾ ಕಥೆ ಹೇಳುತ್ತೇನೆ.

ಇಝ್ಮಾ ಅನ್ನುವುದು ರಷ್ಯಾದ ಉತ್ತರಕ್ಕೆ, ಕೋಮಿ ಪ್ರಾಂತ್ಯದ ಒಂದು ಹಳ್ಳಿ. ಸುತ್ತ ಕಾಡು. ಅಲ್ಲೊಂದು ಸಣ್ಣ ವಿಮಾನ ನಿಲ್ದಾಣ ಇತ್ತು. ಖಾಸಗಿಯದಲ್ಲ, ಆದರೆ ಪಾಡು ಅದೇ. 2003ರಲ್ಲಿ ವಿಮಾನಗಳಿಗೆ ಬಾಗಿಲು ಹಾಕಿ, ಬರೀ ಹೆಲಿಕಾಪ್ಟರ್‌ಗೆ ಉಳಿಸಿಕೊಂಡರು. ರನ್‌ವೇ ಯಾರಿಗೂ ಬೇಡವಾಯಿತು. ಅಲ್ಲಿದ್ದ ಸೆರ್ಗೆಯ್ ಸೊತ್ನಿಕೊವ್ ಅನ್ನುವವರು ಮಾತ್ರ ಬಿಡಲಿಲ್ಲ. ವರ್ಷವರ್ಷವೂ ಪೊದೆ ಕಡಿಯುವುದು, ರನ್‌ವೇ ಖಾಲಿ ಇದೆಯಾ ಅಂತ ನೋಡಿಕೊಳ್ಳುವುದು. ಯಾರಿಗೋಸ್ಕರ? ಯಾರಿಗೂ ಅಲ್ಲ, ಸುಮ್ನೆ.

2010ರ ಸೆಪ್ಟೆಂಬರ್ 7. ಸೈಬೀರಿಯಾದಿಂದ ಮಾಸ್ಕೋಗೆ ಹೊರಟಿದ್ದ ಟಿಯು-154 ವಿಮಾನ. ಒಳಗೆ 81 ಜನ. ಮೇಲೆ ಹಾರುತ್ತಿರುವಾಗಲೇ ಕರೆಂಟು ಪೂರ್ತಿ ಹೋಯಿತು! ರೇಡಿಯೊ ಇಲ್ಲ, ದಾರಿ ತೋರಿಸುವ ಉಪಕರಣ ಇಲ್ಲ. ರೆಕ್ಕೆಗಳಲ್ಲಿ ಇಂಧನ ಬೇಕಾದಷ್ಟಿದೆ, ಆದರೆ ಅದನ್ನು ಎಂಜಿನ್ ಕಡೆಗೆ ತಳ್ಳುವ ಪಂಪು ನಿಂತಿದೆ. ಎಂಜಿನ್‌ಗೆ ಸಿಗುವ ಇಂಧನ ಉಳಿದದ್ದು ಅರ್ಧ ಗಂಟೆಯಷ್ಟು. ಪೈಲಟ್‌ಗಳಾದ ನೊವೊಸೆಲೊವ್ ಮತ್ತು ಲಾಮಾನೊವ್ ಮೋಡದ ಕೆಳಗೆ ಇಳಿದು ಬರಿಗಣ್ಣಲ್ಲಿ ಜಾಗ ಹುಡುಕುತ್ತಿದ್ದಾರೆ. ಎಲ್ಲಿ ನೋಡಿದರೂ ಕಾಡು, ಕಾಡು. ಆಗ ಕಂಡಿತು ನೋಡಿ ಆ ಪಟ್ಟಿ!

ಅದರ ಉದ್ದ 1,325 ಮೀಟರ್. ಆ ವಿಮಾನಕ್ಕೆ ಮಾಮೂಲಿಯಾಗಿ ಎರಡು ಕಿಲೋಮೀಟರಿಗಿಂತ ಜಾಸ್ತಿ ಬೇಕು. ವೇಗ ತಗ್ಗಿಸುವ ಫ್ಲ್ಯಾಪ್‌ಗಳೂ ಕರೆಂಟಿಲ್ಲದೆ ಕೆಲಸ ಮಾಡುತ್ತಿಲ್ಲ. ಎರಡು ಸಲ ಹತ್ತಿರ ಬಂದು ನೋಡಿಹೋದರು, ಮೂರನೇ ಸಲ ಇಳಿಸಿಯೇಬಿಟ್ಟರು. ವಿಮಾನ ರನ್‌ವೇ ದಾಟಿ ಎಳೆಮರಗಳ ನಡುವೆ ನುಗ್ಗಿ ನಿಂತಿತು. 81 ಜನರಲ್ಲಿ ಒಬ್ಬರಿಗೂ ಪೆಟ್ಟಾಗಲಿಲ್ಲ. ಪೈಲಟ್‌ಗಳಿಬ್ಬರಿಗೂ 'ರಷ್ಯಾದ ವೀರ' ಬಿರುದು ಬಂತು, ಸೊತ್ನಿಕೊವ್ ಅವರಿಗೂ ಆಮೇಲೆ ಪದಕ ಬಂತು. ಇನ್ನೂ ಸ್ವಾರಸ್ಯ ಏನಪ್ಪಾ ಅಂದರೆ, 2011ರ ಮಾರ್ಚಿನಲ್ಲಿ ಅದೇ ವಿಮಾನವನ್ನು ರಿಪೇರಿ ಮಾಡಿ ಅದೇ ಗಿಡ್ಡ ರನ್‌ವೇಯಿಂದ ಮತ್ತೆ ಹಾರಿಸಿಕೊಂಡು ಹೋದರು!

ಈಗ ಆ ರನ್‌ವೇ ನಡುವೆ ಒಂದು ಲೋಡ್ ಜಲ್ಲಿ ಇದ್ದಿದ್ದರೆ? ಅಷ್ಟೇ ಯೋಚಿಸಿ. ಏನೂ ಇಡಬೇಡಿ.

ಗಾಜಿನ ಆ ಕಡೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬಿರುಕು, ನೀರು, ಹುಲ್ಲಿನ ಬೇರು ಎಲ್ಲ ವಿವರವಾಗಿ ಹೇಳಬೇಕು ಅಂತ ಬರೆದು ತಂದಿದ್ದೆ, ಹೋಗಲಿ. ಮಳೆಗಾಲಕ್ಕೆ ಮುಂಚೆ ಬಿರುಕಿನಲ್ಲಿರುವ ಹುಲ್ಲು ಕಿತ್ತು, ಪಕ್ಕದ ಚರಂಡಿ ಬಿಡಿಸಿದರೆ ಡಾಂಬರು ಬೇಗ ಹಾಳಾಗುವುದಿಲ್ಲ. ಸಣ್ಣ ಚೂರನ್ನೂ ಬಿಡಬೇಡಿ. 2000ದಲ್ಲಿ ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನದ ಟೈರ್ ಸೀಳಿದ್ದು ರನ್‌ವೇ ಮೇಲೆ ಬಿದ್ದಿದ್ದ, ಅರ್ಧ ಮೀಟರೂ ಇಲ್ಲದ ಒಂದು ಲೋಹದ ಪಟ್ಟಿ. 113 ಜನ ಸತ್ತರು.

ಮುಚ್ಚಿದ ರನ್‌ವೇ ಮೇಲೆ ದೊಡ್ಡದಾಗಿ ಇಂಟು ಗುರುತು ಬಳಿದಿರುತ್ತಾರೆ, ಇಲ್ಲಿ ಇಳಿಯಬೇಡಿ ಅಂತ. ಬಳಿದಾಯ್ತಲ್ಲ, ಇನ್ನು ಜಲ್ಲಿ ಹಾಕಬಹುದು ಅನ್ನಬೇಡಿ. ಇಂಧನ ಮುಗಿದ ಪೈಲಟ್ ಗುರುತು ನೋಡಿಯೂ ಇಳಿಯುತ್ತಾನೆ.

ಸುಗ್ಗಿಯಲ್ಲಿ ರಾಗಿ ಹರವಲೇಬೇಕು ಅಂದರೆ ಜಾಗದ ಮಾಲೀಕರನ್ನು ಕೇಳಿಕೊಂಡು, ವಿಮಾನ ನಿಲ್ಲಿಸುತ್ತಿದ್ದ ಅಗಲವಾದ ಕಟ್ಟೆ ಪಕ್ಕದಲ್ಲಿ ಇರುತ್ತದಲ್ಲ, ಅಲ್ಲಿ ಹರವಿಕೊಳ್ಳಿ. ಜಲ್ಲಿ ಯಾರದ್ದೋ ಅವರಿಗೆ ಇವತ್ತೇ ಹೇಳಿ ತೆಗೆಸಿ. ನಮಸ್ಕಾರ.