ಲೈನ್ ತುಂಡಾದರೆ ಇನ್ನೊಂದು ಅವಕಾಶ: ಗ್ಲೈಡರ್ ಸ್ಪರ್ಧೆಯ ರೀಲಾಂಚ್ ನಿಯಮ ಎಷ್ಟು ನ್ಯಾಯ?

[ತೆರೆ: ಟೋ ಲೈನ್ ಹಿಡಿದು ಮೇಲೇರುತ್ತಿರುವ ಗ್ಲೈಡರ್. ನಡುವೆ ಲೈನ್ ತುಂಡಾಗುತ್ತದೆ. ನಿಧಾನಗತಿ.]

ಎಲ್ಲರಿಗೂ ನಮಸ್ಕಾರ. ರೇಡಿಯೋ ಕಂಟ್ರೋಲ್ ಗ್ಲೈಡರ್, ಅಂದರೆ ನೆಲದಿಂದಲೇ ನಡೆಸೋ ಮಾಡೆಲ್ ವಿಮಾನಗಳ ಸ್ಪರ್ಧೆ ನೋಡೋರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. ಒಬ್ಬ ಪೈಲಟ್‌ನ ಗ್ಲೈಡರನ್ನು ಎಳೆದು ಮೇಲೇರಿಸೋ ಲೈನ್ ತುಂಡಾಯ್ತು, ಮಾಡೆಲ್ ಇಳಿಸಿ ಮತ್ತೆ ಹಾರಿಸಿದ, ಕೊನೆಗೆ ಗೆದ್ದೂಬಿಟ್ಟ. ಪಕ್ಕದವನು ಮೊದಲ ಸಲವೇ ಸರಿಯಾಗಿ ಹಾರಿಸಿದ್ದ, ಸೋತ. ಇದು ನ್ಯಾಯಾನಾ?

ನನ್ನ ಉತ್ತರ: ಹೌದು, ನ್ಯಾಯವೇ. ಅನ್ಯಾಯ ನುಸುಳೋ ಜಾಗ ಬೇರೆ ಇದೆ, ಅಲ್ಲಿಗೂ ಬರೋಣ.

ಮೂಲ ವಿಷಯ ಬೇಗ ಹೇಳಿಬಿಡ್ತೀನಿ. ಎಫ್3ಜೆ ವಿಭಾಗದಲ್ಲಿ ಹೆಲ್ಪರ್‌ಗಳು 150 ಮೀಟರ್‌ವರೆಗಿನ ಲೈನ್ ಎಳೆದುಕೊಂಡು ಓಡಿ ಗ್ಲೈಡರನ್ನು ಮೇಲೇರಿಸ್ತಾರೆ. ವರ್ಕಿಂಗ್ ಟೈಮ್, ಅಂದರೆ ಹಾರಿಸೋಕೆ ಕೊಡೋ ಒಟ್ಟು ಸಮಯ, 10 ನಿಮಿಷ; ಫ್ಲೈ-ಆಫ್‌ನಲ್ಲಿ, ಅಂದರೆ ಅಂತಿಮ ಸುತ್ತಿನಲ್ಲಿ, 15. ಮಾಡೆಲ್ ಲೈನ್ ಬಿಟ್ಟ ಕ್ಷಣದಿಂದ ನೆಲ ಮುಟ್ಟೋವರೆಗೆ ಸೆಕೆಂಡಿಗೆ ಒಂದು ಪಾಯಿಂಟ್. ಗುರುತಿನ ಹತ್ತಿರ ಇಳಿಸಿದರೆ 100ರವರೆಗೆ ಬೋನಸ್. ಒಟ್ಟಿಗೆ ಹಾರಿಸೋ ಗ್ರೂಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಗಳಿಸಿದವರಿಗೆ 1000, ಉಳಿದವರಿಗೆ ಅದೇ ಅನುಪಾತದಲ್ಲಿ.

ಈ ವರ್ಕಿಂಗ್ ಟೈಮ್ ಒಳಗೆ ಎಷ್ಟು ಸಲ ಬೇಕಾದರೂ ಹಾರಿಸಬಹುದು, ಆದರೆ ಲೆಕ್ಕಕ್ಕೆ ಬರೋದು ಕೊನೆಯ ಹಾರಾಟ ಮಾತ್ರ. ಇದು ರೀಲಾಂಚ್. ಗಡಿಯಾರ ನಿಲ್ಲೋದಿಲ್ಲ.

[ತೆರೆ: ಲೆಕ್ಕ]

ಪೈಲಟ್ ‘ಎ’ 596 ಸೆಕೆಂಡ್ ಹಾರಿಸಿ, ಲ್ಯಾಂಡಿಂಗ್‌ಗೆ ಪೂರ್ತಿ 100 ತಗೊಂಡ. ಒಟ್ಟು 696, ಅಂದರೆ 1000 ಅಂಕ. ಪೈಲಟ್ ‘ಬಿ’ಯ ಲೈನ್ ತುಂಡಾಯ್ತು, ರೀಲಾಂಚ್‌ಗೆ 25 ಸೆಕೆಂಡ್ ಹೋಯ್ತು ಅಂತಿಟ್ಟುಕೊಳ್ಳಿ. ಅವನ ಒಟ್ಟು 671. ಅಂಕ ಸುಮಾರು 964. ಅಂದರೆ 36 ಅಂಕದ ದಂಡ. ಅದೇ 25 ಪಾಯಿಂಟನ್ನು ಗುರುತಿನಿಂದ 6 ಮೀಟರ್ ದೂರ ಇಳಿಸಿದವನೂ ಕಳಕೊಳ್ತಾನೆ, ಯಾಕಂದ್ರೆ 6 ಮೀಟರ್‌ಗೆ ಸಿಗೋ ಬೋನಸ್ 75. ಲೈನ್ ತುಂಡಾಗಿದ್ದಕ್ಕೂ ಕೆಟ್ಟ ಲ್ಯಾಂಡಿಂಗ್‌ಗೂ ಒಂದೇ ಬೆಲೆ. ಯಾರ ತಪ್ಪು ಅಂತ ಯಾರೂ ವಿಚಾರಣೆ ಮಾಡಬೇಕಾಗಿಲ್ಲ, ತಪ್ಪಿನ ಬೆಲೆಯನ್ನು ಪೈಲಟ್ ತನ್ನ ಸೆಕೆಂಡುಗಳಲ್ಲೇ ಕಟ್ಟಿರ್ತಾನೆ. ಈ ನಿಯಮ ನನಗೆ ಇಷ್ಟವಾಗೋದೇ ಇದಕ್ಕೆ.

ಆ 25 ಸೆಕೆಂಡ್ 60 ಆಗೋದು ಹೇಗೆ ಅಂತಾನೂ ಹೇಳ್ತೀನಿ. ಎರಡನೇ ಲೈನ್ ಮೊದಲೇ ಬಿಚ್ಚಿ ಹಾಸಿರೋದಿಲ್ಲ. ಹಾಸಿದ್ದರೂ ಮಾಡೆಲ್‌ನ ಹುಕ್‌ಗೆ ಸಿಕ್ಕಿಸೋ ಅದರ ರಿಂಗ್ ಎಲ್ಲಿದೆ ಅಂತ ಹುಲ್ಲಲ್ಲಿ ಹುಡುಕ್ತಾ ಇರ್ತಾರೆ. ಕಳಚಿಕೊಂಡ ಮಾಡೆಲನ್ನು ಪೈಲಟ್ ಎಲ್ಲೋ ದೂರ ಇಳಿಸಿರ್ತಾನೆ, ಹೆಲ್ಪರ್ ಓಡಬೇಕು. ಲೈನ್ ತುಂಡಾಗೋದೂ ಹೆಚ್ಚಾಗಿ ಗಂಟಿನ ಹತ್ತಿರ, ಇಲ್ಲಾಂದ್ರೆ ಕಲ್ಲಿಗೆ ಉಜ್ಜಿ ಗೀರು ಬಿದ್ದ ಕಡೆ. ಪ್ರತಿ ರೌಂಡ್‌ಗೆ ಮುಂಚೆ ಲೈನಿನ ಕೊನೆಯ ಕೆಲವು ಮೀಟರನ್ನು ಬೆರಳ ನಡುವೆ ಎಳೆದು ನೋಡಿ. ಒರಟು ತಗುಲಿದರೆ ಆ ಭಾಗ ಕತ್ತರಿಸಿ, ಹೊಸ ಗಂಟು ಹಾಕಿ.

ಇನ್ನು, ಲೈನ್ ಸರಿಯಾಗಿದ್ದರೂ ಬೇಕಂತಲೇ ರೀಲಾಂಚ್ ಮಾಡೋರು. ಥರ್ಮಲ್, ಅಂದರೆ ಮೇಲೇರೋ ಬಿಸಿಗಾಳಿ, ಸಿಗದೆ 200 ಸೆಕೆಂಡಿಗೇ ಕೆಳಗೆ ಬಂದ, ಮಿಕ್ಕವರು ಎಲ್ಲಿ ಏರ್ತಿದ್ದಾರೆ ಅಂತ ನೋಡಿಕೊಂಡ, ಮತ್ತೆ ಹಾರಿಸಿ ನೇರ ಅಲ್ಲಿಗೇ ಹೋದ. ಇದು ಮೋಸ ಅಲ್ವಾ ಅಂತ ಕೇಳ್ತಾರೆ. ಅಲ್ಲ. ಎರಡನೇ ಸಲ ಕೈಬಿಟ್ಟ ಕ್ಷಣಕ್ಕೆ ಮೊದಲಿನ 200 ಸೆಕೆಂಡೂ ಹೋಯ್ತು, ಅದರ ಲ್ಯಾಂಡಿಂಗ್ ಬೋನಸ್ಸೂ ಹೋಯ್ತು. ಎರಡನೇ ಹಾರಾಟ 150ಕ್ಕೆ ಮುಗಿದರೆ ಅವನ ಪಾಲಿಗೆ 150 ಮಾತ್ರ. ಅಷ್ಟು ಪಣಕ್ಕಿಡೋ ಧೈರ್ಯ ಇದ್ದರೆ ಮಾಡಲಿ.

[ತೆರೆ: ಗಾಳಿಯಲ್ಲಿ ಡಿಕ್ಕಿಯಾದ ಎರಡು ಮಾಡೆಲ್‌ಗಳ ಚಿತ್ರ]

ಈಗ ಅನ್ಯಾಯ ನುಸುಳೋ ಜಾಗ: ರೀಫ್ಲೈಟ್, ಅಂದರೆ ಪೂರ್ತಿ ಹೊಸ ವರ್ಕಿಂಗ್ ಟೈಮ್. ಬೇರೆಯವರ ಮಾಡೆಲ್ ಡಿಕ್ಕಿ ಹೊಡೆದರೆ, ಟೈಮ್‌ಕೀಪರ್‌ಗಳ ತಪ್ಪಿನಿಂದ ಸಮಯ ದಾಖಲಾಗದಿದ್ದರೆ, ಪೈಲಟ್‌ನ ಕೈ ಮೀರಿದ ಅನಿರೀಕ್ಷಿತ ಅಡ್ಡಿ ಬಂದರೆ ಇದು ಸಿಗುತ್ತೆ. ಆದರೆ ಎರಡು ಷರತ್ತು. ಅಡ್ಡಿಯಾದದ್ದನ್ನು ಟೈಮ್‌ಕೀಪರ್‌ಗಳು ಗಮನಿಸಿದ್ದಾರೆ ಅಂತ ಖಚಿತ ಮಾಡಿಕೊಳ್ಳೋದು ಪೈಲಟ್‌ನ ಹೊಣೆ. ಆಮೇಲೆ ಮಾಡೆಲನ್ನು ಆದಷ್ಟು ಬೇಗ ಇಳಿಸಬೇಕು.

ನನಗೆ ಈ ನಿಯಮಪುಸ್ತಕದಲ್ಲೇ ಅತ್ಯಂತ ಹಿಡಿಸಿದ ಸಾಲು ಇಲ್ಲೇ ಇದೆ. ಅಡ್ಡಿ ನಿವಾರಣೆಯಾದ ಮೇಲೆ ನೀವು ಲಾಂಚ್ ಮುಂದುವರಿಸಿದರೆ, ಅಥವಾ ರೀಲಾಂಚ್ ಮಾಡಿದರೆ, ಹೊಸ ವರ್ಕಿಂಗ್ ಟೈಮ್ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತೆ.

ಇದರ ಅರ್ಥ ಏನು ನೋಡಿ. ನೀವು ಮೇಲೇರಿಸ್ತಿರುವಾಗ ಪಕ್ಕದವರ ಮಾಡೆಲ್ ಬಂದು ಡಿಕ್ಕಿ ಹೊಡೀತು, ನಿಮ್ಮ ಮಾಡೆಲ್ ಕಳಚಿಕೊಂಡು ಇಳೀತು. ಗಡಿಯಾರ ಓಡ್ತಿದೆ. ಹೆಲ್ಪರ್ ಅಭ್ಯಾಸಬಲದಿಂದ ಎರಡನೇ ಲೈನಿನ ರಿಂಗ್ ಎತ್ತಿ ಹುಕ್‌ಗೆ ಸಿಕ್ಕಿಸ್ತಾನೆ. ನೀವು ‘ಹೂಂ’ ಅಂದು ಎಸೆದ್ರಿ. ಅಲ್ಲಿಗೆ ಮುಗೀತು! ತಪ್ಪು ಪಕ್ಕದವರದ್ದೇ ಆದರೂ ಇನ್ನು ಕೇಳೋ ಹಾಗಿಲ್ಲ. ಹಾಗಂತ ಸುಮ್ಮನೆ ಕಾದು ನಿಂತಾಗ ಸ್ಪರ್ಧೆ ನಡೆಸೋ ಡೈರೆಕ್ಟರ್ ‘ರೀಫ್ಲೈಟ್ ಇಲ್ಲ’ ಅಂದುಬಿಟ್ಟರೆ, ಕಾದ ಅಷ್ಟೂ ಸೆಕೆಂಡ್ ನಷ್ಟ.

ಕಠಿಣ ಅನ್ನಿಸುತ್ತೆ, ಆದರೆ ಇದಿಲ್ಲದಿದ್ದರೆ ಏನಾಗ್ತಿತ್ತು? ಅಡ್ಡಿಯಾದವನು ಮೊದಲು ಹಾರಿಸಿ ನೋಡ್ತಿದ್ದ. ಚೆನ್ನಾಗಿ ಬಂದರೆ ಅಂಕ ಇಟ್ಟುಕೊಳ್ತಿದ್ದ, ಕೆಟ್ಟರೆ ‘ನನಗೆ ಅಡ್ಡಿಯಾಗಿತ್ತು’ ಅಂತ ದೂರು ಕೊಡ್ತಿದ್ದ. ಎರಡೂ ಕೈಲಿ ಲಾಭ. ಅದಕ್ಕೇ ಹೆಲ್ಪರ್‌ಗಳಿಗೆ ಮೊದಲೇ ಹೇಳಿಡಿ: ಡಿಕ್ಕಿಯಾದರೆ ಪೈಲಟ್ ಬಾಯಿಬಿಟ್ಟು ಹೇಳೋವರೆಗೆ ರಿಂಗ್ ಮುಟ್ಟಬೇಡಿ. ಇನ್ನೂ ಒಂದು ಮಾತು, ನಿಮ್ಮ ಲೈನ್ ಬೇರೆಯವರಿಗೆ ಅಡ್ಡಿಯಾಗದಿರಲಿ. ಮಾಡೆಲ್ ಬಿಟ್ಟ ತಕ್ಷಣ ಲೈನನ್ನು ರೀಲಿಗೆ ಸುತ್ತಬೇಕು. ಪುಲ್ಲಿ ಬಳಸಿದ್ದರೆ ಲೈನ್ ಟೋ ಜಾಗದಿಂದ ಆಚೆ ಬರೋವರೆಗೆ ಎಳೀತಾನೇ ಇರಬೇಕು. ನಿಯಮದಲ್ಲೇ ಇದೆ ಇದು.

ರೀಫ್ಲೈಟ್ ಸಿಕ್ತು ಅಂತಿಟ್ಟುಕೊಳ್ಳೋಣ. ಯಾರ ಜೊತೆ ಹಾರಿಸೋದು? ಒಬ್ಬನೇ ಹಾರಿಸಿದರೆ ಅವನಿಗೇ 1000, ತರಗತಿಯಲ್ಲಿ ಒಬ್ಬನೇ ಹುಡುಗ ಇದ್ದರೆ ಅವನೇ ಫಸ್ಟ್ ರ‍್ಯಾಂಕ್ ಅನ್ನೋ ಹಾಗೆ. ಅದಕ್ಕೆ ಮೊದಲ ಆಯ್ಕೆ, ಜಾಗ ಖಾಲಿ ಇರೋ ಬೇರೆ ಗ್ರೂಪ್. ಅದಾಗದಿದ್ದರೆ ಕನಿಷ್ಠ ನಾಲ್ಕು ಜನರ ಹೊಸ ಗ್ರೂಪ್, ಕಮ್ಮಿ ಬಿದ್ದರೆ ಚೀಟಿ ಎತ್ತಿ ಬೇರೆಯವರನ್ನು ಸೇರಿಸ್ತಾರೆ. ಅದೂ ಆಗದಿದ್ದರೆ ರೌಂಡಿನ ಕೊನೆಗೆ ಹಳೇ ಗ್ರೂಪ್ ಜೊತೆಗೇ.

ನನಗೆ ಪೂರ್ತಿ ಸಮಾಧಾನ ಇಲ್ಲದ್ದು ಈ ಕೊನೆಯ ಎರಡರಲ್ಲಿ. ರೀಫ್ಲೈಟ್ ಪಡೆದವನಿಗೆ ಹೊಸ ಫಲಿತಾಂಶವೇ ಅಂತಿಮ. ಜೊತೆಗೆ ಹಾರಿಸೋ ಬೇರೆಯವರಿಗೆ ಮಾತ್ರ ಹಳೇದು, ಹೊಸದು ಎರಡರಲ್ಲಿ ಉತ್ತಮವಾದದ್ದು. 820 ಪಡೆದಿದ್ದವನು ಚೀಟಿಯಲ್ಲಿ ಹೆಸರು ಬಂದಿದ್ದಕ್ಕೇ 1000 ಮಾಡಿಕೊಳ್ಳಬಹುದು. ಹೆಸರು ಬಾರದವನಿಗೆ ಆ ಅದೃಷ್ಟ ಇಲ್ಲ. ಆದರೂ ಒತ್ತಾಯಕ್ಕೆ ಹಾರಿಸಿದವನ ಅಂಕ ಕಮ್ಮಿಯಾಗೋದು ಇದಕ್ಕಿಂತ ದೊಡ್ಡ ಅನ್ಯಾಯ. ಇದಕ್ಕಿಂತ ಒಳ್ಳೇ ದಾರಿ ನನಗಂತೂ ಕಾಣ್ತಿಲ್ಲ.

[ತೆರೆ: ರೆಕ್ಕೆಯ ತುದಿ ಹಿಡಿದು ಸುತ್ತಿ ಎಸೆಯುವ ಪೈಲಟ್]

ಸಮಯ ಆಗ್ತಾ ಬಂತು, ಉಳಿದ ವಿಭಾಗ ಎರಡೇ ಮಾತಲ್ಲಿ. ಕೈಯಿಂದ ಎಸೆಯೋ ಎಫ್3ಕೆಯಲ್ಲಿ ಇಬ್ಬರ ಮಾಡೆಲ್ ಗಾಳಿಯಲ್ಲಿ ಡಿಕ್ಕಿಯಾದರೂ ರೀಫ್ಲೈಟ್ ಇಲ್ಲ, ದಂಡವೂ ಇಲ್ಲ. ಎಫ್3ಜೆಗೆ ಪೂರ್ತಿ ತದ್ವಿರುದ್ಧ. ನನ್ನ ಪ್ರಕಾರ ಅಲ್ಲಿಗೆ ಅದೇ ಸರಿ: ಹಾರಾಟಗಳು ಚಿಕ್ಕವು, ಇನ್ನೊಂದು ಮಾಡೆಲ್ ಎತ್ತಿಕೊಂಡು ಕೂಡಲೇ ಎಸೀಬಹುದು.

ಮೋಟಾರ್ ಇರೋ ಎಫ್5ಜೆಯಲ್ಲಿ ಒಂದೇ ಅವಕಾಶ. ಹೆಚ್ಚೆಂದರೆ 30 ಸೆಕೆಂಡ್ ಮೋಟಾರ್, ಹಾರಾಟದ ನಡುವೆ ಮತ್ತೆ ಚಾಲೂ ಮಾಡಿದರೆ ಸೊನ್ನೆ. ಏರಿದ ಎತ್ತರಕ್ಕೆ 200 ಮೀಟರ್‌ವರೆಗೆ ಮೀಟರಿಗೆ ಅರ್ಧ ಪಾಯಿಂಟ್ ಕಡಿತ, ಅದರ ಮೇಲೆ ಮೀಟರಿಗೆ 3. ಥರ್ಮಲ್ ಸಿಗುತ್ತೋ ಇಲ್ಲವೋ ಅನ್ನೋ ಭಯಕ್ಕೆ 200 ಮೀಟರ್ ಏರಿದವನು 100 ಪಾಯಿಂಟನ್ನು ಮೊದಲೇ ಕಟ್ಟಿದ ಹಾಗೆ. 60 ಮೀಟರ್‌ಗೇ ಮೋಟಾರ್ ಆರಿಸಿದವನು ಕಟ್ಟೋದು 30. ಗಾಳಿ ಕೈಕೊಟ್ಟರೆ ಅವನಿಗೆ ಎರಡನೇ ಲಾಂಚ್ ಇಲ್ಲ.