ಕಾಬ್‌ವೆಬ್: ಆ ‘ಕಾಬ್’ ಎಲ್ಲಿಂದ ಬಂತು?

[ತೆರೆ: ಅಟ್ಟದ ಮೂಲೆಯಲ್ಲಿ ಧೂಳು ಹಿಡಿದ ಬಲೆ. ಮೇಲೆ ಅಕ್ಷರಗಳು: ಕಾಬ್ + ವೆಬ್]

ಜೇಡರ ಬಲೆಗೆ ಇಂಗ್ಲಿಷಿನಲ್ಲಿ ಕಾಬ್‌ವೆಬ್ ಅಂತಾರೆ. ಇದರಲ್ಲಿ ವೆಬ್ ಸುಲಭ. ‘ನೇಯು’ ಅನ್ನೋ ಅರ್ಥದ ವೀವ್ ಪದದ ಒಡಹುಟ್ಟು ಅದು. ನೇಯ್ದ ಬಟ್ಟೆಗೂ ವೆಬ್ ಅನ್ನುತ್ತಿದ್ದರು. ನಮ್ಮಲ್ಲೂ ಜೇಡ ಅಂದರೆ ನೇಕಾರ ಅನ್ನೋ ಅರ್ಥ ಇದೆಯಲ್ಲ, ಜೇಡರ ದಾಸಿಮಯ್ಯನವರ ಹೆಸರಲ್ಲಿರೋದು ಅದೇ.

ಎಡವೋದು ಕಾಬ್ ಹತ್ತಿರ. ಮೆಕ್ಕೆಜೋಳದ ದಿಂಡಿಗೂ ಕಾಬ್ ಅಂತಾರೆ, ಹಾಗಾಗಿ ‘ದಿಂಡಿಗೆ ಸುತ್ತಿದ ನೂಲು’ ಅಂತ ಕಥೆ ಕಟ್ಟಿಬಿಡಬಹುದು. ಸಮಾಸಪದ ಬಿಡಿಸುವಾಗ ಇವತ್ತಿನ ಉಚ್ಚಾರಣೆಯನ್ನು ನಂಬಲೇಬೇಡಿ. ಮೊದಲು ಹುಡುಕಬೇಕಾದ್ದು ಅತ್ಯಂತ ಹಳೆಯ ಕಾಗುಣಿತ.

[ತೆರೆ: ಆಟೊರ್‌ಕೊಪ್ಪೆ → ಕೊಪ್ಪೆವೆಬ್ → ಕಾಬ್‌ವೆಬ್]

14ನೇ ಶತಮಾನದಲ್ಲಿ ಇದು ಕೊಪ್ಪೆವೆಬ್. ಅದಕ್ಕೂ ಹಿಂದೆ, ಹಳೆಯ ಇಂಗ್ಲಿಷಿನಲ್ಲಿ, ಜೇಡಕ್ಕೆ ಆಟೊರ್‌ಕೊಪ್ಪೆ ಅನ್ನೋ ಹೆಸರಿತ್ತು. ಆಟೊರ್ ಅಂದರೆ ವಿಷ, ಕೊಪ್ಪೆ ಬಹುಶಃ ತಲೆ. ಬರಬರುತ್ತಾ ವಿಷ ಉದುರಿತು, ಕೊಪ್ಪೆಯೊಂದೇ ಜೇಡವಾಯಿತು.

ಪಕಾರ ಬಕಾರ ಆದದ್ದು ಹೇಗೆ? ಕೊಪ್ಪೆಯ ಕೊನೆಯ ಎಕಾರ ಸವೆದು, ಪಕಾರ ನೇರವಾಗಿ ವಕಾರಕ್ಕೆ ತಾಗಿತು. ವಕಾರ ಹೇಳುವಾಗ ಗಂಟಲು ಕಂಪಿಸುತ್ತೆ, ಆ ಕಂಪನ ಹಿಂದಿನ ಅಕ್ಷರಕ್ಕೂ ಹತ್ತುತ್ತೆ. ಹೈಸ್ಕೂಲಿನ ಜಶ್ತ್ವ ಸಂಧಿ ನೆನಪಿದೆಯಾ, ಅಪ್ + ಜ = ಅಬ್ಜ? ಹೆಚ್ಚುಕಡಿಮೆ ಅದೇ ಕೆಲಸ. ಕಪ್ ಮತ್ತು ಬೋರ್ಡ್ ಸೇರಿ ಬಾಯಲ್ಲಿ ‘ಕಬರ್ಡ್’ ಆಗೋದೂ ಹೀಗೇ.

ಇಷ್ಟಕ್ಕೇ ನಿಲ್ಲಿಸಬಾರದು, ತಾಳೆ ನೋಡಬೇಕು. ಡ್ಯಾನಿಶ್ ಭಾಷೆಯಲ್ಲಿ ಜೇಡ ಎಡರ್‌ಕೊಪ್, ಡಚ್ಚಿನಲ್ಲಿ ಸ್ಪಿನ್ನೆಕೊಪ್. ಮೊದಲ ಭಾಗ ಬೇರೆ ಬೇರೆ, ಕೊಪ್ ಮಾತ್ರ ಎರಡರಲ್ಲೂ ಇದೆ. ಸಾಕ್ಷಿ ಗಟ್ಟಿ. ಹಳೆಯ ಇಂಗ್ಲಿಷಿನ ವಿದ್ವಾಂಸ ಟೋಲ್ಕಿನ್ 1937ರ ‘ದಿ ಹಾಬಿಟ್’ ಕಾದಂಬರಿಯಲ್ಲಿ ದೈತ್ಯ ಜೇಡಗಳನ್ನು ರೇಗಿಸೋಕೆ ಬಳಸಿದ್ದು ಆಟರ್‌ಕಾಪ್, ಕಾಬ್ ಎರಡನ್ನೂ.

[ತೆರೆ: ಕ್ರ್ಯಾನ್ + ಬೆರಿ]

ಆದರೆ ಈ ದಾರಿ ಎಲ್ಲ ಪದಕ್ಕೂ ನಡೆಯಲ್ಲ. ಕ್ರ್ಯಾನ್‌ಬೆರಿ ಅನ್ನೋ ಹುಳಿ ಹಣ್ಣಿನ ಹೆಸರನ್ನೇ ತಗೊಳ್ಳಿ. ಹಳೆಯ ಇಂಗ್ಲಿಷಿನಲ್ಲಿ ಎಷ್ಟು ತಡಕಾಡಿದರೂ ಈ ಹಣ್ಣಿಗೆ ಈ ಹೆಸರು ಸಿಗಲ್ಲ, ಯಾಕಂದರೆ ಪದ ಅಮೆರಿಕಕ್ಕೆ 17ನೇ ಶತಮಾನದಲ್ಲಿ ಉತ್ತರ ಜರ್ಮನಿಯ ನುಡಿಯಾದ ಲೋ ಜರ್ಮನ್‌ನ ಕ್ರಾನ್‌ಬೇರೆಯಿಂದ ಬಂದದ್ದು. ಅಲ್ಲಿ ಕ್ರಾನ್ ಅಂದರೆ ಕೊಕ್ಕರೆಯಂತೆ ಕಾಣೋ ಕ್ರೇನ್ ಹಕ್ಕಿ. ಇಂಥ ಕಡೆ ಹಳೆಯ ಕಾಗುಣಿತ ಬಿಟ್ಟು, ನೆರೆಭಾಷೆಯಿಂದಲೇ ಶುರು ಮಾಡಬೇಕು.